ತೆರೆದು ತೋರಿಸಿ ಮಾರುತ್ತಿದ್ದವರು

ನನಗೆ ಸಿಟ್ಟು ಬೇಗ ಬರುವುದಿಲ್ಲ. ಬ್ಲೌಸಿನ ಮ್ಯಾಚಿಂಗ್ ಬಟ್ಟೆ ಮಾರುವವಳಿಗೆ ಸಿಟ್ಟು ಬಂದರೆ ಅಂಗಡಿ ನಡೆಯುವುದಿಲ್ಲ. ಸೀರೆಯ ಸೆರಗು ಹಿಡಿದು ಬಂದವರಿಗೆ ಹದಿನಾರು ಬಗೆಯ ಹಸಿರು ತೋರಿಸಿದ ಮೇಲೆ, ಅವರು ‘ನಾಳಿ ಬರ್ತೀನ್ರಿ’ ಎಂದು ಎದ್ದು ಹೋದರೂ ನಗುತ್ತಲೇ ಕಳಿಸಬೇಕು. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಇಪ್ಪತ್ತು ವರ್ಷದಿಂದ ನಾನು ಹಾಗೆ ಕಳಿಸುತ್ತಾ ಬಂದಿದ್ದೇನೆ. ಆದರೆ ನನ್ನ ಪಕ್ಕದ ಅಂಗಡಿಯವರ ವಿಷಯದಲ್ಲಿ ಈ ಊರು ನಡೆದುಕೊಂಡ ರೀತಿಗೆ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅವರು ತೀರಿಕೊಂಡ ಮೇಲೆ ಅದು ಇನ್ನಷ್ಟು ಏರಿದೆ. ಅವರಿದ್ದಾಗ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಅಣ್ಣಾರ ಎಂದೇ ಕರೆದದ್ದು. ಇಲ್ಲಿಯೂ ಹಾಗೆಯೇ ಇರಲಿ.

ನಮ್ಮಿಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದು ತಗಡು. ಆ ಕಡೆ ಕೆಮ್ಮಿದರೆ ಈ ಕಡೆಯಿಂದ ನೀರು ಕೊಡಬೇಕು ಅನ್ನಿಸುವಷ್ಟು ತೆಳು. ಅವರದು ವಿಡಿಯೋ ಗೇಮಿನ ಅಂಗಡಿ. ಟಿವಿಗೆ ಹಚ್ಚಿ ಆಡುವ ಯಂತ್ರ, ಅದರೊಳಗೆ ಹಾಕುವ ಡಿಸ್ಕು, ಕೈಯಲ್ಲಿ ಹಿಡಿದು ಒತ್ತುವ ರಿಮೋಟು. ಇವನ್ನು ಮಾರುವುದು, ಕೆಟ್ಟರೆ ಬಿಚ್ಚಿ ಸರಿ ಮಾಡುವುದು. ಅಂಥ ಅಂಗಡಿಯಲ್ಲಿ ಕುಳಿತವರು ಅರವತ್ತು ದಾಟಿದ ಮನುಷ್ಯ. ಬಿಳಿ ಅಂಗಿ, ಬಿಳಿ ಪೈಜಾಮ, ಹೆಗಲ ಮೇಲೊಂದು ಮೆತ್ತನೆಯ ಟವೆಲು, ಮೂಗಿನ ತುದಿಗೆ ಚಷ್ಮಾ. ಹೊಸ ಗಿರಾಕಿ ಬಂದು, ‘ಮಾಲಕರು ಎಲ್ಲಿ ಹೋಗ್ಯಾರ್ರಿ ಅಜ್ಜಾ?’ ಎಂದು ಅವರನ್ನೇ ಕೇಳುತ್ತಿದ್ದರು.

‘ಹೊರಗ ಹೋಗ್ಯಾರ. ಅವರು ಬರೂತನಕ ನಾನೇ ತೋರಸ್ತೀನಿ, ಕೂಡ್ರಿ’ ಎನ್ನುವರು ಇವರು. ಹತ್ತು ನಿಮಿಷ ಮಾತಾಡಿದ ಮೇಲೆ ಮಾಲಕರು ಯಾರೆಂದು ಗಿರಾಕಿಗೆ ತಾನಾಗಿ ತಿಳಿದು ನಾಚಿಕೆಯಾಗುತ್ತಿತ್ತು.

ಅವರ ಮನೆ ಹುಮನಾಬಾದಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿಗೆ ಬರುವರು. ಕಿಟಕಿಯ ಪಕ್ಕ ಕುಳಿತು, ಜಗತ್ತಿನಲ್ಲಿ ಯಾವ ಹೊಸ ಆಟ ಬರುತ್ತಿದೆ, ಯಾವ ಕಂಪನಿ ಯಾವ ಯಂತ್ರ ತೆಗೆಯುತ್ತಿದೆ ಎಂಬುದನ್ನೆಲ್ಲ ಮೊಬೈಲಿನಲ್ಲಿ ಓದಿಕೊಂಡು ಬರುವರು. ಅಂಗಡಿಯ ಶಟರ್ ಎತ್ತಿದ ಕೂಡಲೇ ಕರಿಹಲಗೆ ಹೊರಗಿಟ್ಟು, ಸೀಮೆಸುಣ್ಣದಿಂದ ದುಂಡಗೆ ಕನ್ನಡದಲ್ಲಿ ಅಂದಿನ ಸುದ್ದಿ ಬರೆಯುವರು. ‘ಹೊಸ ಕೈಯಂತ್ರ ಬರಲಿದೆ. ಪರದೆ ದೊಡ್ಡದು, ಬ್ಯಾಟರಿ ಬೇಗ ಮುಗಿಯುತ್ತದಂತೆ. ಅವಸರ ಬೇಡ.’ ಇನ್ನೊಂದು ದಿನ: ‘ಮೆಮೊರಿ ಚಿಪ್ಪು ತುಟ್ಟಿಯಾಗಿದೆ ಎಂದು ಯಂತ್ರದ ಬೆಲೆ ಏರಿಸಿದ್ದಾರೆ. ಹೋದ ವರ್ಷ ಮಾಡಿಟ್ಟ ಯಂತ್ರಕ್ಕೂ ಯಾಕೆ ಏರಿಸಿದರು? ಉತ್ತರ ಬಂದಿಲ್ಲ.’ ಅವರಿಗೆ ಯಾವ ಕಂಪನಿಯೂ ಉತ್ತರ ಕೊಡುವ ಹಾಗಿರಲಿಲ್ಲ, ಆದರೆ ಉತ್ತರ ಬರಬೇಕು ಎಂದು ಅವರು ನಿಜವಾಗಿಯೂ ಕಾಯುತ್ತಿದ್ದರು. ಚಹಾ ಕುಡಿಯಲು ಬಂದ ಡ್ರೈವರುಗಳು, ಕಂಡಕ್ಟರುಗಳು ಗಾಜಿನ ಗ್ಲಾಸು ಹಿಡಿದುಕೊಂಡು ಆ ಹಲಗೆ ಓದಿಯೇ ಮುಂದೆ ಹೋಗುತ್ತಿದ್ದರು.

ಒಮ್ಮೆ ಹಲಗೆಯ ಮೇಲೆ ‘ಎಲ್ಲರೂ ಕಾಯುತ್ತಿರುವ ಬಿಡುಗಡೆ ಮತ್ತೆ ಮುಂದಕ್ಕೆ’ ಎಂದು ಬರೆದಿದ್ದರು. ಕೊಹಿನೂರ ಹಳ್ಳಿಯಿಂದ ನನ್ನ ಅಂಗಡಿಗೆ ಅಸ್ತರಿನ ಬಟ್ಟೆಗೆಂದು ಬಂದಿದ್ದ ಒಬ್ಬ ಆಯಿ, ಮೊಮ್ಮಗಳ ಕೈಲಿ ಅದನ್ನು ಓದಿಸಿಕೊಂಡು ಗಾಬರಿಯಾದಳು.

‘ಯಾರ ಬಿಡುಗಡಿ ಅಣ್ಣಾ? ಜೇಲಿನ್ಯಾಗ ನಮ್ಮ ಕಡಿಯಾಂವ ಯಾರದಾನ?’

‘ಮನಷ್ಯಾ ಅಲ್ಲ ಆಯಿ, ಆಟ. ಆಟ ಬಿಡುಗಡಿ ಆಗಬೇಕಿತ್ತು, ಇನ್ನಾ ಆರ ತಿಂಗಳ ಆಗಂಗಿಲ್ಲಂತ.’

‘ಆಟ ಯಾಕ ಕಟ್ಟಿಹಾಕ್ಯಾರೋ ಯಪ್ಪಾ? ಏನ್ ತಪ್ಪ ಮಾಡೇದ ಅದು?’

ಅಣ್ಣಾರ ಬಹಳ ಹೊತ್ತು ನಕ್ಕರು. ಆಮೇಲೆ ತಗಡಿನಾಚೆಯಿಂದ ನನಗೆ ಹೇಳಿದರು, ‘ಆಯಿ ಬರೋಬ್ಬರಿ ಕೇಳ್ಯಾಳ ನೋಡ್ರಿ ಅಕ್ಕಾರ.’

ಅವರೇನು ದೊಡ್ಡ ಆಟಗಾರರಲ್ಲ. ಯಾವ ಆಟದಲ್ಲೂ ಎರಡನೇ ಹಂತ ದಾಟಿದ್ದನ್ನು ನಾನು ಕೇಳಿಲ್ಲ. ಆಟದಲ್ಲಿ ಸತ್ತರೆ ಒಂದು ರಾಗ ಬರುತ್ತಿತ್ತು, ಆ ರಾಗ ನನಗೆ ಬಾಯಿಪಾಠ. ಒಕ್ಕಲುತನದ ಒಂದು ಆಟ ಮಾತ್ರ ಮನಸ್ಸಿಟ್ಟು ಆಡುವರು. ಅದರಲ್ಲೂ ಅವರ ತಕರಾರು ಇದ್ದೇ ಇತ್ತು. ‘ಇಷ್ಟ ದೊಡ್ಡ ಹೊಲ ಮಾಡ್ಯಾರ, ತೊಗರಿ ಇಲ್ಲ. ಕಳೇವು ತಗಿಯೋ ಒಬ್ಬ ಹೆಣಮಗಳೂ ಇಲ್ಲ. ಹಿಂಗ್ ಹೊಲಾ ಆಗ್ತದೇನ್ರಿ ಅಕ್ಕಾರ?’

ಅವರ ವ್ಯಾಪಾರದಲ್ಲಿ ಒಂದು ಪದ್ಧತಿ ಇತ್ತು. ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಯಾವ ವಸ್ತುವನ್ನೂ ಅವರು ಮುಚ್ಚಿದ ಡಬ್ಬಿಯಲ್ಲಿ ಕೊಡುತ್ತಿರಲಿಲ್ಲ. ಗಿರಾಕಿಯ ಎದುರಿಗೇ ಮೇಲಿನ ಪ್ಲಾಸ್ಟಿಕ್ ಹರಿದು, ಡಬ್ಬಿ ತೆರೆದು, ಡಿಸ್ಕನ್ನು ಎರಡು ಬೆರಳಿನಲ್ಲಿ ಅಂಚು ಹಿಡಿದು ಎತ್ತಿ, ಬಾಗಿಲ ಬಿಸಿಲಿಗೆ ಹಿಡಿದು ತೋರಿಸುವರು. ‘ನೋಡ್ರಿ, ಒಂದ್ ಗೆರಿ ಇಲ್ಲ.’ ಆಮೇಲೆ ಡಬ್ಬಿಯಲ್ಲಿದ್ದ ಪ್ರತಿಯೊಂದು ಕಾಗದವನ್ನೂ ಗಟ್ಟಿಯಾಗಿ ಓದುವರು. ಇಂಗ್ಲಿಷ್ ಓದಿ, ಅದರ ಅರ್ಥ ನಮ್ಮ ಮಾತಿನಲ್ಲಿ ಹೇಳುವರು. ಆಟದಲ್ಲಿ ಊನವಿದ್ದರೆ ಅದನ್ನೂ ತಾವೇ ಹೇಳುವರು: ‘ಇದರಾಗ ನದಿ ದಾಟೂ ಮುಂದ ಆಟ ನಿಂತೇ ಬಿಡ್ತದಂತ. ಕಂಪನಿಯೋರು ಸರಿ ಮಾಡ್ತೀವಿ ಅಂದಾರ, ಇನ್ನಾ ಮಾಡಿಲ್ಲ. ಬೇಕಾದ್ರ ತಗೋರಿ, ಇಲ್ಲಾಂದ್ರ ಎರಡ ತಿಂಗಳ ತಡೀರಿ.’ ಹೀಗೆ ಹೇಳಿದರೆ ಯಾರು ಕೊಳ್ಳುತ್ತಾರೆ ಎಂದು ನಾನೇ ಗದರಿದ್ದುಂಟು. ಅವರು ಹೇಳಿದ್ದು, ‘ಅಕ್ಕಾರ, ನೀವು ಬಟ್ಟಿ ಬಿಚ್ಚಿ ಹಾಸಿ ತೋರಸ್ತೀರಿ. ಒಳಗ ಏನದ ತೋರಸ್ದೇ ಕೊಟ್ರ ಅದು ಬೇಮಾನಿ.’

ಬೇಮಾನಿ ಎಂಬ ಮಾತು ಅವರ ಬಾಯಲ್ಲಿ ಬಹಳ ಕೆಟ್ಟ ಬೈಗುಳ. ಅದಕ್ಕಿಂತ ಕೆಳಗಿನದನ್ನು ಅವರು ಯಾರಿಗೂ ಬೈದದ್ದನ್ನು ನಾನು ಕೇಳಿಲ್ಲ.

ಹುಮನಾಬಾದಿನ ದವಾಖಾನೆಯೊಂದರಲ್ಲಿ ನರ್ಸ್ ಆಗಿರುವ ಒಬ್ಬ ಹುಡುಗಿ ಅವರ ಕಾಯಂ ಗಿರಾಕಿ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ‘ದಿನಾ ಮಂದಿ ನರಳೋದು ಕೇಳಿ ಕೇಳಿ ತಲಿ ಚಿಟ್ಟ ಹಿಡೀತದ ಕಾಕಾ. ಮನೀಗ್ ಹೋಗಿ ಒಂದ್ ತಾಸ ರಾಕ್ಷಸರನ್ನ ಹೊಡದ್ರ ಆರಾಮ’ ಎನ್ನುವಳು. ಹಲಗೆಯ ಮೇಲೆ ಬರೆದಿದ್ದ, ಮೂರು ಸಲ ಮುಂದಕ್ಕೆ ಹೋದ ಆ ಆಟಕ್ಕಾಗಿ ಬಹಳ ಕಾದವಳು ಅವಳೇ. ಕಡೆಗೆ ಆಟ ಬಿಡುಗಡೆಯಾಯಿತು, ಪಾರ್ಸೆಲ್ ಬಂತು. ಅಂದು ಅವಳು ರಜೆ ಹಾಕಿ ಬಸ್ಸಿಗೆ ಬಂದಳು. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಜನ ಸೇರಿದ್ದರು. ಊರಿನ ಮದುವೆ, ಜಗಳ, ಆ್ಯಕ್ಸಿಡೆಂಟು ಎಲ್ಲವನ್ನೂ ವಿಡಿಯೋ ಮಾಡಿ ಮೊಬೈಲಿಗೆ ಹಾಕುವ ಒಬ್ಬ ಗೃಹಸ್ಥನಿದ್ದಾನೆ. ಅವನೂ ಫೋನು ಎತ್ತಿ ಹಿಡಿದು ನಿಂತಿದ್ದ.

ಅಣ್ಣಾರ ಪ್ಲಾಸ್ಟಿಕ್ ಹರಿದರು. ಡಬ್ಬಿ ತೆರೆದರು. ಡಿಸ್ಕು ಇರಲಿಲ್ಲ.

‘ಏ, ಖಾಲಿ ಅದ!’ ಎಂದು ಯಾರೋ ನಕ್ಕರು. ಖಾಲಿಯೇನಲ್ಲ, ಮಡಚಿದ ಒಂದು ಕಾಗದವಿತ್ತು. ಹೊಸ ಕಾಲದಲ್ಲಿ ಹಾಗಂತೆ. ಡಬ್ಬಿಯಲ್ಲಿ ಆಟ ಇಡುವುದಿಲ್ಲ, ಅಕ್ಷರ ಅಂಕಿ ಕಲಸಿದ ಒಂದು ಕೋಡ್ ಇಡುತ್ತಾರೆ. ಅದನ್ನು ಯಂತ್ರದಲ್ಲಿ ಒತ್ತಿದರೆ ಆಟ ಇಂಟರ್ನೆಟ್ಟಿನಿಂದ ಇಳಿಯುತ್ತದೆ. ಒಂದು ಕೋಡ್ ಒಂದೇ ಸಲ. ಡಬ್ಬಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಈ ಮಾತು ಇತ್ತಂತೆ. ಮುಂದೆ ಮಾತ್ರ ಖಡ್ಗ ಹಿಡಿದ ದೊಡ್ಡ ಚಿತ್ರ.

ಅಣ್ಣಾರ ಕಾಗದ ಬಿಚ್ಚಿದ ಸಪ್ಪಳ ನನಗೆ ಕೇಳಿಸಿತು. ಆದರೂ ಪದ್ಧತಿ ಬಿಡಲಿಲ್ಲ. ಚಷ್ಮಾ ಏರಿಸಿಕೊಂಡು, ಎಲ್ಲ ಕಾಗದ ಓದುವ ಹಾಗೆ ಅದನ್ನೂ ಓದಿದರು. ಎಕ್ಸ್, ನಾಲ್ಕು, ಬಿ, ಏಳು... ಒಂದೊಂದೇ ಅಕ್ಷರ, ಗಟ್ಟಿಯಾಗಿ, ಸ್ಪಷ್ಟವಾಗಿ. ನಾನು ಆ ಹೊತ್ತಿಗೆ ಗುಲಾಬಿ ಪಾಪ್ಲಿನ್ ಅಳೆಯುತ್ತಿದ್ದೆ. ಇಷ್ಟುದ್ದ ಏನು ಓದುತ್ತಿದ್ದಾರೆ ಎಂದುಕೊಂಡೆ, ಅಷ್ಟೇ. ಎದ್ದು ಹೋಗಿ ಬಾಯಿ ಮುಚ್ಚಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ನನಗೆ ತಾನೇ ಏನು ಗೊತ್ತಿತ್ತು? ಪ್ರಾಮಾಣಿಕವಾಗಿ ಬಾಯಿ ಬಿಟ್ಟು ಓದುವುದೇ ತಪ್ಪಾಗುವಂಥ ಮಾಲನ್ನು ಡಬ್ಬಿಯಲ್ಲಿ ತುಂಬಿ ಕಳಿಸುತ್ತಾರೆ ಎಂದು ಯಾರಿಗೆ ಗೊತ್ತಿರುತ್ತದೆ?

ಹುಡುಗಿ ಹುಮನಾಬಾದ್ ಮುಟ್ಟಿ ಕೋಡ್ ಒತ್ತುವಷ್ಟರಲ್ಲಿ ಅದನ್ನು ಬೇರೆ ಯಾರೋ ಬಳಸಿಯಾಗಿತ್ತು. ಮರುದಿನ ಮುಂಜಾನೆ ಬಂದಳು. ‘ಕಾಕಾ, ಇದು ಆಗಲೇ ಯಾರೋ ವಾಪರಸ್ಯಾರ ಅಂತ ಬರಾಕತ್ತದ.’

‘ಹ್ಯಾಂಗ್ ಆಗ್ತದವ್ವಾ? ನಿನ್ನ ಮುಂದೇ ಖುಲ್ಲಾ ಮಾಡೀನಲ್ಲ?’

‘ಮುಂದೇ ಖುಲ್ಲಾ ಮಾಡೀರಿ ಕಾಕಾ,’ ಎಂದಳು ಅವಳು ಮೆಲ್ಲಗೆ. ‘ಎಲ್ಲರ ಮುಂದ ಮಾಡೀರಿ.’

ಅವರಿಗೆ ಆಗ ಹೊಳೆಯಿತು. ಅವರು ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರು. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ. ಮುಕ್ಕಾಲು ತಾಸಿನ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಇವರು ಹಿಂದಿಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಅವಳು, ಕೋಡ್ ತೆರೆದ ಮೇಲೆ ಜವಾಬ್ದಾರಿ ಕಂಪನಿಯದಲ್ಲ ಎಂದಳು.

‘ತೆರೀಲಾರ್ದೆ ಒಳಗ ಏನದ ಅಂತ ಗಿರಾಕಿಗೆ ಹ್ಯಾಂಗ ತೋರಸಬೇಕು ತಾಯಿ?’ ಎಂದು ಇವರು ಕೇಳಿದ ಪ್ರಶ್ನೆಗೆ ಅವಳು, ‘ನಿಮಗೆ ಇನ್ನೇನಾದರೂ ಸಹಾಯ ಬೇಕೆ?’ ಎಂದಳಂತೆ. ಇವರು ‘ಮೊದಲಿಂದೇ ಸಿಕ್ಕಿಲ್ಲವ್ವಾ’ ಎಂದು ಫೋನು ಇಟ್ಟರು.

ಆ ಕೋಡ್ ಹೇಗೆ ಹೋಯಿತು ಎಂಬುದು ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲಿಗೆ ತಿಳಿಯಿತು. ಆ ವಿಡಿಯೋದ ಗೃಹಸ್ಥ ಹಿಂದಿನ ದಿನವೇ ಅದನ್ನು ಹಾಕಿಬಿಟ್ಟಿದ್ದ. ‘ಖಾಲಿ ಡಬ್ಬಿ ಕಾಕಾ’ ಎಂದು ಮೇಲೆ ಬರೆದು, ಹಿಂದೆ ನಗುವ ಸದ್ದು ಜೋಡಿಸಿದ್ದ. ಅದರಲ್ಲಿ ಅಣ್ಣಾರ ಡಬ್ಬಿ ತೆರೆಯುತ್ತಾರೆ, ಒಳಗೆ ಏನೂ ಇಲ್ಲ, ಬೆಪ್ಪಾಗಿ ನೋಡುತ್ತಾರೆ, ಕಾಗದ ಬಿಚ್ಚಿ ಹಿಡಿಯುತ್ತಾರೆ. ಕಾಗದದ ಮೇಲಿನ ಕೋಡ್ ಅಚ್ಚುಕಟ್ಟಾಗಿ ಓದಬಹುದು. ನೋಡಿದ ಸಾವಿರ ಜನರಲ್ಲಿ ಯಾರು ಒತ್ತಿದರೋ, ಯಾವ ಊರಿನವರೋ! ಆದರೆ ಜನರಿಗೆ ಉಳಿದದ್ದು ಒಂದೇ ಮಾತು: ಬಸ್‌ಸ್ಟ್ಯಾಂಡಿನ ಹಿಂದಿನ ಕಾಕಾ ಖಾಲಿ ಡಬ್ಬಿ ಮಾರುತ್ತಾನೆ. ಖಾಲಿ ಡಬ್ಬಿ ಮಾಡಿದವರನ್ನು ಯಾರೂ ಬೈಯಲಿಲ್ಲ. ಅವರು ಯಾವ ದೇಶದಲ್ಲೋ ಹವಾನಿಯಂತ್ರಿತ ಕೋಣೆಯಲ್ಲಿ ಇದ್ದಾರೆ. ಅದನ್ನು ತೆರೆದು ತೋರಿಸಿದ ಮನುಷ್ಯ ಕೈಗೆ ಸಿಗುವ ಹಾಗೆ ಇಲ್ಲೇ ಇದ್ದರಲ್ಲ.

ಅಣ್ಣಾರ ತಮ್ಮ ಕೈಯಿಂದಲೇ ದುಡ್ಡು ಹಾಕಿ ಇನ್ನೊಂದು ಡಬ್ಬಿ ತರಿಸಿದರು. ಹುಡುಗಿ ಬೇಡವೆಂದರೂ ಕೇಳಲಿಲ್ಲ. ಈ ಸಲ ಅದನ್ನು ತೆರೆಯದೆ, ಟವೆಲಿನಲ್ಲಿ ಸುತ್ತಿಕೊಂಡು ಹುಮನಾಬಾದಿನ ದವಾಖಾನೆಗೆ ತಾವೇ ಒಯ್ದರು. ಅವಳ ಡ್ಯೂಟಿ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ, ಚೀಟಿ ಹಿಡಿದ ರೋಗಿಗಳ ನಡುವೆ ಕುಳಿತಿದ್ದರಂತೆ. ಯಾರೋ ‘ನಿಮ್ಮದು ಎಷ್ಟನೇ ನಂಬರ್ರಿ ಯಜಮಾನ್ರ?’ ಎಂದು ಕೇಳಿದರಂತೆ. ಅವಳು ಬಂದಳು. ಮುಖ ಆ ಕಡೆ ತಿರುಗಿಸಿ, ‘ನೀನೇ ತೆರಿಯವ್ವಾ, ನಾ ನೋಡಂಗಿಲ್ಲ’ ಎಂದರು. ಯಾವಾಗಲೂ ಮಾಲು ತೋರಿಸಿಯೇ ಕೊಟ್ಟವರು ಹಾಗೆ ಮುಖ ತಿರುಗಿಸಿ ಕುಳಿತದ್ದನ್ನು ಆ ಹುಡುಗಿಯೇ ಆಮೇಲೆ ನನಗೆ ಹೇಳಿದಳು.

ಅವಳು ಅಲ್ಲಿಯೇ ಮೊಬೈಲಿನಲ್ಲಿ ತನ್ನ ಖಾತೆಗೆ ಕೋಡ್ ಹಾಕಿದಳು. ಉದ್ದನೆಯ ಒಪ್ಪಂದವೊಂದು ಬಂತು. ಎಲ್ಲರೂ ಓದದೆ ‘ಒಪ್ಪಿದೆ’ ಎಂದು ಒತ್ತುವಂಥದ್ದು. ಅಣ್ಣಾರ, ‘ಒತ್ತಬ್ಯಾಡ, ಓದು’ ಎಂದರು. ಬೆಂಚಿನ ಮೇಲೆ ಅರ್ಧ ತಾಸು ಅವಳು ಓದಿ ಅರ್ಥ ಹೇಳಿದಳು. ಈ ಆಟ ಆಡಲು ನಿಮಗೆ ಅನುಮತಿ ಇದೆ. ಆಟ ನಿಮ್ಮದಾಗುವುದಿಲ್ಲ. ಇನ್ನೊಬ್ಬರಿಗೆ ಕೊಡುವಂತಿಲ್ಲ. ಬೇಕೆಂದಾಗ ನಾವು ನಿಲ್ಲಿಸಬಹುದು.

‘ಅಂದ್ರ ಖರೀದಿ ಅಲ್ಲ ಇದು?’

‘ಅಲ್ಲ ಕಾಕಾ.’

‘ಮತ್ತ ಡಬ್ಬಿ ಮ್ಯಾಲ ಬೆಲಿ ಯಾಕ ಬರದಾರ? ಕಿರಾಯಿ ಅಂತ ಬರೀಬೇಕಿಲ್ಲ?’

ಮರುದಿನ ಅಂಗಡಿಗೆ ಬಂದವರು ಸ್ಟೂಲು ಹಾಕಿ ಹತ್ತಿ, ‘ಗೇಮ್ ಮಾರಾಟ ಮತ್ತು ರಿಪೇರಿ’ ಎಂಬ ತಮ್ಮ ಬೋರ್ಡಿನಲ್ಲಿ ‘ಮಾರಾಟ ಮತ್ತು’ ಎಂಬುದರ ಮೇಲೆ ಬಿಳಿ ಬಣ್ಣ ಬಳಿದರು. ‘ನನ್ನದಲ್ಲದ್ದು, ಗಿರಾಕಿದೂ ಆಗಲಾರದ್ದು, ನಾ ಹ್ಯಾಂಗ್ ಮಾರ್ಲಿ ಅಕ್ಕಾರ?’ ಎಂದರು. ಹೊಸ ಯಂತ್ರಗಳಲ್ಲಿ ಡಿಸ್ಕು ಹಾಕುವ ಸೀಳೇ ಇಲ್ಲ ಎಂಬ ಸುದ್ದಿ ಬಂದ ದಿನ ಅವರು ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಆಮೇಲೆ ಹಲಗೆ ಹೊರಗೆ ಬರಲೇ ಇಲ್ಲ.

ಊರು ಬಿಡಲಿಲ್ಲ. ಎದುರಿನ ಹೋಟೆಲಿನಿಂದ ಯಾರಾದರೂ ಕೂಗುವರು, ‘ಕಾಕಾ, ಡಬ್ಬಿ ಅದ ಏನ್ರಿ?’ ಅವರು ಪ್ರತಿ ಸಲವೂ ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು, ‘ಇಲ್ಲಪ್ಪಾ, ಈಗ ಮಾರಂಗಿಲ್ಲ’ ಎಂದು ಉತ್ತರ ಕೊಡುವರು. ಅದಕ್ಕೆ ಮತ್ತೆ ನಗು. ರಿಪೇರಿಗೆ ರಿಮೋಟು ತಂದವರು ಸಹ, ‘ಒಳಗಿನ ಸಾಮಾನು ಖಾಲಿ ಮಾಡಬ್ಯಾಡ್ರಿ ಮತ್ತ’ ಎಂದು ಹಲ್ಲು ಕಿಸಿಯುವರು. ಮೂವತ್ತು ವರ್ಷ ಟಿವಿ, ಟೇಪ್ ರೆಕಾರ್ಡರ್, ಗೇಮು ಎಂದು ಈ ಊರಿನ ಪ್ರತಿ ಮನೆಯ ವಸ್ತುವನ್ನು ಬಿಚ್ಚಿ ಜೋಡಿಸಿದ ಕೈ ಅದು. ಒಂದು ಸ್ಕ್ರೂ ಉಳಿದರೆ ಚೀಟಿಯಲ್ಲಿ ಕಟ್ಟಿ, ‘ಇದು ಕಂಪನಿಯೋರೇ ಹೆಚ್ಚಿಗಿ ಹಾಕ್ಯಾರ, ಬೇಕಾಗಂಗಿಲ್ಲ, ಆದ್ರೂ ನಿಮ್ಮದು’ ಎಂದು ವಾಪಸು ಕೊಡುತ್ತಿದ್ದ ಕೈ. ಅದನ್ನು ಒಬ್ಬರೂ ನೆನೆಯಲಿಲ್ಲ.

ಒಂದು ದಿನ ತಗಡಿನಾಚೆಯಿಂದ ಕೇಳಿದರು, ‘ಅಕ್ಕಾರ, ನೀವಾರ ಹೇಳ್ರಿ, ನಾ ಬೇಮಾನಿ ಮಾಡೀನೇನು?’

‘ಯಾರಂದ್ರು ಅಣ್ಣಾರ? ಹುಚ್ಚರು. ಬಿಡ್ರಿ’ ಎಂದೆ. ಗಿರಾಕಿ ಇದ್ದರು, ಅಷ್ಟಕ್ಕೇ ಮುಗಿಸಿದೆ. ಅಷ್ಟು ಸಾಲದಾಗಿತ್ತು.

ಈ ವರ್ಷ ಹೋಳಿ ಹುಣ್ಣಿಮೆಯಾದ ಮೇಲೆ ಅವರು ಹುಮನಾಬಾದಿನ ಮನೆಯಲ್ಲಿ, ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಕುಸಿದು ತೀರಿಕೊಂಡರು. ನಮ್ಮ ಸಾಲಿನವರು ಸೇರಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸುವುದೆಂದಾಯಿತು. ಅವರ ಮನೆಯಲ್ಲಿ ಸಿಕ್ಕ ಫೋಟೋ ಮದುವೆಯ ಕಾಲದ್ದೊಂದೇ: ತಲೆತುಂಬ ಕೂದಲು, ಹುರಿ ಮೀಸೆ, ಚಷ್ಮಾ ಇಲ್ಲ. ನಾನೇ ಗುರುತು ಹಿಡಿಯದಂತಿತ್ತು. ಅಚ್ಚಿಗೆ ಹೋಗುವ ಮುಂಚೆ ನಮ್ಮ ಸಾಲಿನ ಅಂಗಡಿಕಾರರ ಸಂಘದ ಸೆಕ್ರೆಟರಿ ತನ್ನ ಮೊಬೈಲಿನಲ್ಲಿ ಮಾದರಿ ತೋರಿಸಿದ. ಕೆಳಗೆ ಅವರ ಪೂರ್ಣ ಹೆಸರು. ಹೆಸರಿನ ಮುಂದೆ ಕಂಸದಲ್ಲಿ, ನಮ್ಮ ಕಡೆ ಎಲ್ಲ ಫ್ಲೆಕ್ಸಿನಲ್ಲಿ ಅಡ್ಡಹೆಸರು ಹಾಕುವಂತೆ: ಖಾಲಿ ಡಬ್ಬಿ ಕಾಕಾ.

ನನ್ನ ಮೈ ಉರಿಯಿತು. ‘ಇದನ್ನ ತಗೀರಿ.’

‘ಅಕ್ಕಾರ, ಕಂಸದಾಗ ಹಾಕ್ದಿದ್ರ ಮಂದಿಗೆ ಹ್ಯಾಂಗ್ ತಿಳೀಬೇಕು? ಫೋಟೋ ನೋಡಿದ್ರ ಯಾರೋ ನಾಟಕದಾಂವ ಕಂಡಂಗ್ ಕಾಣ್ತಾರ. ಪ್ರೀತಿಲೇ ಹಾಕೀವಿ.’

‘ನಿಮ್ಮಪ್ಪ ಸತ್ತಾಗ ಊರಾಗಿನ ಹೆಸರು ಹಾಕಿದ್ರೇನು ಕಂಸದಾಗ? ಹಾಕಿದ್ರ ಏನಂತ ಹಾಕ್ತಿದ್ರಿ, ನನಗ ಗೊತ್ತದ, ಹೇಳ್ಲೇನು?’

ಇಪ್ಪತ್ತು ವರ್ಷದಲ್ಲಿ ನನ್ನ ದನಿ ಅಷ್ಟು ಏರಿದ್ದನ್ನು ಆ ಸಾಲು ಕೇಳಿರಲಿಲ್ಲ. ಆಚೆ ಅಂಗಡಿಯ ಟೇಲರ್ ಮಷೀನು ನಿಲ್ಲಿಸಿದ. ಸೆಕ್ರೆಟರಿ ತಣ್ಣಗಾಗಿ, ‘ಆಯ್ತ್ರಿ. ಆದ್ರ ಯಾರಂತ ಮಂದಿ ಕೇಳ್ತಾರ’ ಎಂದ.

‘ಕೇಳ್ಲಿ. ನನ್ನ ಕಡೆ ಕಳಿಸ್ರಿ.’

ಫ್ಲೆಕ್ಸ್ ನನ್ನ ಅಂಗಡಿಯ ಎದುರಿನ ಕಂಬಕ್ಕೆ ಏರಿತು, ಬರೀ ಹೆಸರಿನೊಂದಿಗೆ. ಜನ ಕೇಳಿದರು. ಮನ್ನಾಏಖೇಳ್ಳಿಯಿಂದ ಬಸ್ಸಿಗೆ ಬಂದವರು, ತಹಶೀಲಿಗೆ ಹೋಗುವವರು, ನನ್ನ ಗಿರಾಕಿಗಳು. ನಾನು ಕೆಲಸ ಬಿಟ್ಟು ಪ್ರತಿಯೊಬ್ಬರಿಗೂ ಮೊದಲಿನಿಂದ ಕಡೆಯವರೆಗೆ ಹೇಳಿದೆ. ಕೆಲವರು ಕುಳಿತು ಕೇಳಿದರು. ಕೆಲವರು ಬಸ್ಸು ಬಂತೆಂದು ಅರ್ಧಕ್ಕೆ ಓಡಿದರು.

ನಾಲ್ಕನೆಯ ದಿನ ಒಂದು ಮೋಟರ್‌ಸೈಕಲ್ಲು ನಿಂತಿತು. ಹಿಂದಿನಿಂದ ಇಳಿದ ಹೆಣ್ಣುಮಗಳು ಸೀರೆಯ ಚೀಲ ಹಿಡಿದು ಒಳಗೆ ಬಂದು ಕುಳಿತಳು. ಗಂಡ ಬಾಗಿಲಲ್ಲಿ ನಿಂತು, ಎದುರಿನ ಫ್ಲೆಕ್ಸಿನ ಮೇಲಿನ ಹೆಸರನ್ನು ಓದಿದ. ಅವನನ್ನು ನಾನು ಕೂಡಲೇ ಗುರುತಿಸಿದೆ. ವಿಡಿಯೋದ ಗೃಹಸ್ಥ.

‘ಇವರ್ಯಾರ್ರಿ ಅಕ್ಕಾರ? ನಿಮ್ಮ ಸಾಲಿನೋರೇನು? ಎಂದೂ ನೋಡಿಲ್ಲಲ್ಲ.’

ಊರಿಗೆಲ್ಲ ಹಬ್ಬುವಂಥ ಹೆಸರು ಇಟ್ಟವನಿಗೆ ಆ ಮನುಷ್ಯನ ಹೆಸರೇ ಗೊತ್ತಿರಲಿಲ್ಲ. ನನಗೆ ಬೈಯಬೇಕು ಅನ್ನಿಸಿತು. ಬೈಯಲಿಲ್ಲ. ‘ಕೂಡ್ರಿ’ ಎಂದೆ. ಎಲ್ಲರಿಗೂ ಹೇಳಿದ ಹಾಗೆಯೇ ಹೇಳಿದೆ: ಬಿಸಿಲಿಗೆ ಹಿಡಿದ ಡಿಸ್ಕು, ಡಬ್ಬಿಯಲ್ಲಿ ಬಂದ ಕಾಗದ, ಗಟ್ಟಿಯಾಗಿ ಓದಿದ ಕೋಡು, ಊರೆಲ್ಲ ನೋಡಿ ನಕ್ಕ ವಿಡಿಯೋ, ದವಾಖಾನೆಯ ಬೆಂಚು, ತಗಡಿನಾಚೆಯಿಂದ ನನ್ನನ್ನು ಕೇಳಿದ ಪ್ರಶ್ನೆ. ಎಲ್ಲೋ ನಡುವೆ ಅವನಿಗೆ ತಿಳಿಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನ ಹೆಂಡತಿಯ ಕಣ್ಣು ತುಂಬಿತ್ತು.

‘ಛೇ! ಅಂಥೋರ ವಿಡಿಯೋ ಮಾಡಿ ಹಾಕಿದ ಆ ಬೇಮಾನಿ ಯಾರ್ರಿ ಅಕ್ಕಾರ?’ ಎಂದು ಕೇಳಿದಳು.

‘ಅದನ್ನ ಇವರೇ ಹೇಳ್ತಾರವ್ವಾ,’ ಎಂದೆ.

ಅವಳು ಗಂಡನ ಕಡೆಗೆ ತಿರುಗಿ ಕಾದಳು. ನಾನೂ ಕಾದೆ.